‘ಅದು ಸೈಕಿಯಾಟ್ರಿ ಕೇಸ್’ ಅಂತ ಬದಿಗೆ ಸರಿಸುವ ಮೊದಲು: ಆಸ್ಪತ್ರೆ ಸಿಬ್ಬಂದಿಗೆ ಒಂದು ಮಾರ್ಗದರ್ಶಿ

ಮಾನಸಿಕ ಕಾಯಿಲೆ ಬಗ್ಗೆ ಜನರಿಗೆ ತಿಳುವಳಿಕೆ ಕಡಿಮೆ ಅಂತ ಆಸ್ಪತ್ರೆಯವರಾದ ನಾವು ಹೇಳುತ್ತಲೇ ಬಂದಿದ್ದೇವೆ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂತು ಅಂದರೆ ಜಾಥಾ, ಬೀದಿ ನಾಟಕ, ಬ್ಯಾನರ್ ಎಲ್ಲ ಆಗುತ್ತದೆ. ಒಳ್ಳೆಯದೇ. ಆದರೆ ಈ ಕಾಯಿಲೆಗೆ ಮದ್ದು ತಗೊಳ್ಳುತ್ತಿರುವವರ ಹತ್ತಿರ ಕೂತು, ನಿಮ್ಮನ್ನು ಯಾರು ಯಾರು ಕೇವಲವಾಗಿ ನೋಡಿದರು ಅಂತ ಒಮ್ಮೆ ಕೇಳಿ. ಮನೆಯವರು, ನೆಂಟರು, ಪಕ್ಕದ ಮನೆಯವರು ಅಂತ ಹೇಳುತ್ತಾ ಹೇಳುತ್ತಾ ಆಸ್ಪತ್ರೆಯ ಕೌಂಟರು, ಕ್ಯಾಶುವಾಲ್ಟಿ, ವಾರ್ಡು ಎಲ್ಲವೂ ಆ ಪಟ್ಟಿಯಲ್ಲಿ ಬಂದೇ ಬರುತ್ತವೆ.

ಮಂಗಳೂರು, ಉಡುಪಿ, ಮಣಿಪಾಲ ಅಂದರೆ ಆಸ್ಪತ್ರೆಗಳ ಊರು. ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್‌ಲಾಕ್ ಶುರುವಾದದ್ದು 1848ರಲ್ಲಿ, ಮಣಿಪಾಲದ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) 1953ರಲ್ಲಿ. ಉತ್ತರ ಕನ್ನಡದಿಂದ, ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಜನ ರಾತ್ರಿ ಬಸ್ ಹಿಡಿದು ಇಲ್ಲಿಗೆ ಬರುತ್ತಾರೆ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಹತ್ತು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ, ಮತ್ತು ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಅಂದರೆ ನಮ್ಮ ಬಾಗಿಲಿಗೆ ಬಂದು ನಿಲ್ಲುವವರೇ ಕಡಿಮೆ. ಧೈರ್ಯ ಮಾಡಿ ಬಂದವರೂ ಒಂದು ಮಾತಿಗೆ ನೊಂದು ವಾಪಸ್ ಹೋದರೆ, ಮತ್ತೆ ಬರುವುದು ಕಾಯಿಲೆ ಕೈ ಮೀರಿದ ಮೇಲೆಯೇ.

ವಾರ್ಡ್‌ನಲ್ಲಿ ಕೆಲಸ ಮಾಡಿ ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುವ ನನ್ನ ಅಭಿಪ್ರಾಯ ಇಷ್ಟು. ಸಿಬ್ಬಂದಿಯ ಮನಸ್ಸು ಬದಲಾಯಿಸಬೇಕು ಅಂತ ಭಾಷಣದಿಂದ ಶುರು ಮಾಡಬೇಡಿ. ಕೆಲಸ ಮಾಡುವ ರೀತಿಯನ್ನು ಮೊದಲು ಬದಲಾಯಿಸಿ, ಮನಸ್ಸು ಹಿಂದಿನಿಂದ ಬರುತ್ತದೆ. ಈ ಕೆಳಗೆ ಬರೆದದ್ದು ವಾರ್ಡ್ ಸಿಸ್ಟರ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ, ಇಂಟರ್ನ್‌ಗಳಿಗೆ, ಪಿಎಚ್‌ಸಿಯವರಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ). ಕೌಂಟರ್‌ನಲ್ಲಿ ಕೂರುವವರಿಗೂ, ಸೆಕ್ಯೂರಿಟಿಯವರಿಗೂ ಅಷ್ಟೇ ಮುಖ್ಯ.

1. ಮೊದಲ ಒಂದು ವಾರ ಸುಮ್ನೆ ಗಮನಿಸಿ

ಯಾರನ್ನೂ ತಿದ್ದಲು ಹೋಗಬೇಡಿ. ಒಂದು ಪುಸ್ತಕ ಇಟ್ಟುಕೊಳ್ಳಿ, ಯಾರ ಹೆಸರೂ ಬರೆಯದೆ ನಡೆದದ್ದನ್ನು ಮಾತ್ರ ಬರೆದಿಡಿ. ಕೌಂಟರ್‌ನಲ್ಲಿ ‘ಮೆಂಟಲ್ ಡಾಕ್ಟ್ರಿಗಾ?’ ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿದರಾ? ಪಕ್ಕದ ಬೆಡ್ಡಿನವರಿಗೆ ‘ಊಟ ಮಾಡಿದ್ರಾ’ ಅಂದ ಸಿಸ್ಟರ್ ಇವರಿಗೆ ಮಾತ್ರ ‘ತಿಂದ್ಯಾ’ ಅಂದರಾ? ರೌಂಡ್ಸ್‌ನಲ್ಲಿ ಪ್ರಶ್ನೆ ಕೇಳಿದ್ದು ರೋಗಿಗಾ, ಜೊತೆಗಿರುವ ಬೈಸ್ಟ್ಯಾಂಡರ್‌ಗಾ? ನೋವು ಅಂದಾಗ ಎಷ್ಟು ಹೊತ್ತಿಗೆ ಯಾರಾದರೂ ಬಂದು ನೋಡಿದರು?

ಈ ಏಕವಚನದ ವಿಷಯ ಸಣ್ಣದಲ್ಲ. ಬ್ಯಾಂಕಿನಿಂದ ನಿವೃತ್ತರಾದ ಅರುವತ್ತರ ಹಿರಿಯರು ಬಿಪಿ ಜಾಸ್ತಿಯಾಗಿ ಬಂದರೆ ‘ಸರ್, ಬನ್ನಿ, ಕೂತ್ಕೊಳ್ಳಿ’. ಅದೇ ಮನುಷ್ಯರ ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಅಂತ ಇದ್ದರೆ ‘ಬಾ, ಕೂತ್ಕೋ’. ತುಳುವಿನಲ್ಲಿ ಮಾತಾಡುವಾಗಲೂ ಹಾಗೆಯೇ, ‘ಈರ್’ (ನೀವು) ಹೋಗಿ ‘ಈ’ (ನೀನು) ಆಗುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ, ಬಾಯಿಗೆ ಬಂದುಬಿಡುತ್ತದೆ. ಆದ್ದರಿಂದಲೇ ಇದನ್ನು ಬರೆದಿಟ್ಟು ವಾರದ ಕೊನೆಗೆ ಎಲ್ಲರೂ ಕೂತು ಓದಬೇಕು. ಬೈಯುವುದಕ್ಕಲ್ಲ. ಅಭ್ಯಾಸ ಎಲ್ಲೆಲ್ಲಿ ಇದೆ ಅಂತ ಗೊತ್ತಾಗುವುದಕ್ಕೆ.

2. ಮೈಯನ್ನು ಮುಟ್ಟಿ ನೋಡಿ: ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು

ನಿಮಗೆ ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ಮಾನಸಿಕ ಕಾಯಿಲೆ ಇರುವವರು ‘ಎದೆ ನೋಯುತ್ತದೆ’ ಅಂದರೆ ಅದು ‘ಟೆನ್ಷನ್’ ಆಗಿಬಿಡುತ್ತದೆ, ‘ಹೊಟ್ಟೆ ನೋವು’ ಅಂದರೆ ‘ಅವರದ್ದು ಯಾವಾಗಲೂ ಇದ್ದದ್ದೇ’. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ದೊಡ್ಡ ಪಾಲು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಸೋಂಕು ಇಂಥವುಗಳದ್ದು. ಹೊತ್ತಿಗೆ ಸರಿಯಾಗಿ ನೋಡಿದರೆ ಬದುಕಿಸಬಹುದಾದ ಕಾಯಿಲೆಗಳು ಇವು. ಕಾಯಿಲೆ ಇದೆ ಅಂತ ಕೇವಲವಾಗಿ ನೋಡುವ ಈ ಕಳಂಕ ಅಂದರೆ ಬರೀ ಮನಸ್ಸಿಗೆ ನೋವು ಅಂದುಕೊಂಡಿದ್ದೇವೆ, ಅದು ಜೀವವನ್ನೇ ತೆಗೆಯುತ್ತದೆ.

ಆದ್ದರಿಂದ ವಾರ್ಡಿನಲ್ಲಿ ಒಂದು ನಿಯಮ ಮಾಡಿಕೊಳ್ಳಿ: ಕೇಸ್ ಶೀಟ್‌ನಲ್ಲಿ ಮಾನಸಿಕ ಕಾಯಿಲೆ ಅಂತ ಇದ್ದರೂ ಇಲ್ಲದಿದ್ದರೂ ಎದೆನೋವಿಗೆ ಇಸಿಜಿ, ಜ್ವರಕ್ಕೆ ರಕ್ತ ಪರೀಕ್ಷೆ. ‘ಇದು ಸೈಕಿಯಾಟ್ರಿ’ ಅಂತ ಬರೆಯುವ ಮೊದಲು ಉಷ್ಣಾಂಶ, ನಾಡಿ, ಬಿಪಿ, ಉಸಿರಾಟ, ಆಕ್ಸಿಜನ್, ಸಕ್ಕರೆ ಇಷ್ಟೂ ಬರೆದಿರಲೇಬೇಕು.

ಕೆಲವು ಸಂದರ್ಭಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಸರ್ಜರಿ ವಾರ್ಡು, ಕಾಲು ಮುರಿದು ಅಡ್ಮಿಟ್ ಆದ ನಲುವತ್ತೈದರ ಒಬ್ಬರು, ಎರಡು ದಿನ ತಣ್ಣಗೆ ಮಲಗಿದ್ದವರು ಮೂರನೇ ರಾತ್ರಿ ಡ್ರಿಪ್ ಕಿತ್ತು ಹಾಕುತ್ತಾರೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಕೈ ನಡುಗುತ್ತಿದೆ, ಮೈಯೆಲ್ಲ ಬೆವರು. ‘ಮಂಡೆ ಸರಿ ಇಲ್ಲ, ಸೈಕಿಯಾಟ್ರಿಗೆ ಕಳಿಸಿ’ ಅಂತ ಯಾರೋ ಹೇಳುತ್ತಾರೆ. ಮೊದಲು ಕೇಳಬೇಕಾದದ್ದು ಕುಡಿತದ ಬಗ್ಗೆ, ಅದನ್ನೂ ಹೆಂಡತಿ ಮಕ್ಕಳ ಎದುರು ಅಲ್ಲ. ದಿನಾ ಕುಡಿಯುವವರು ಆಸ್ಪತ್ರೆಗೆ ಸೇರಿ ತಟ್ಟನೆ ನಿಲ್ಲಿಸಿದರೆ ಎರಡು, ಮೂರನೇ ದಿನಕ್ಕೆ ಹೀಗಾಗುತ್ತದೆ, ಚಿಕಿತ್ಸೆ ತಡವಾದರೆ ಜೀವಕ್ಕೇ ಅಪಾಯ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು ಅನ್ನುವುದನ್ನು ಮರೆಯಬೇಡಿ. ಅಡ್ಮಿಷನ್ ದಿನವೇ ‘ದಿನಕ್ಕೆ ಎಷ್ಟು ತಗೊಳ್ತೀರಿ, ಕೊನೆಯದಾಗಿ ಯಾವಾಗ ತಗೊಂಡ್ರಿ’ ಅಂತ ಬಿಪಿ ಮಾತ್ರೆ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿದ್ದರೆ ಆ ರಾತ್ರಿಯ ಗಲಾಟೆಯೇ ಆಗುತ್ತಿರಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಮಲೇರಿಯಾ, ಡೆಂಗಿ, ಇಲಿ ಜ್ವರ ಇದ್ದದ್ದೇ. ಜ್ವರದ ಜೊತೆ ಮಾತು ತಪ್ಪಿದರೆ, ಹೊತ್ತಿಗೊಂದು ಥರ ಆಡಿದರೆ ಅದು ಮೆದುಳಿಗೆ ತೊಂದರೆ ಆಗುತ್ತಿರುವ ಸೂಚನೆ ಅಂತಲೇ ಹಿಡಿಯಿರಿ, ಅವರಿಗೆ ಮೊದಲೇ ಮಾನಸಿಕ ಕಾಯಿಲೆ ಇದ್ದರೂ ಸರಿ. ಭಾನುವಾರದಿಂದ ಹಿಂದಕ್ಕೆ ವಾರದ ಹೆಸರು ಹೇಳಿ ಅನ್ನಿ. ನಡುವೆ ಎಲ್ಲೋ ಗಮನ ತಪ್ಪಿ ಬೇರೇನೋ ಹೇಳತೊಡಗಿದರೆ, ಬೆಳಿಗ್ಗೆ ಸರಿಯಿದ್ದವರು ಸಂಜೆ ಹೀಗಾದರೆ, ದೇಹದಲ್ಲಿ ಕಾರಣ ಹುಡುಕಿ. ಸೈಕಿಯಾಟ್ರಿ ಮದ್ದು ತಗೊಳ್ಳುವವರಿಗೆ ಜ್ವರ ಬಂದು ಮೈ ಮರಗಟ್ಟಿದ ಹಾಗೆ ಬಿಗಿದರೆ ಅದು ಆ ಮದ್ದಿನಿಂದಲೇ ಬರುವ ಅಪರೂಪದ, ಅಪಾಯದ ಸ್ಥಿತಿ ಇರಬಹುದು. ಮದ್ದು ನಿಲ್ಲಿಸಿ ತಕ್ಷಣ ಹಿರಿಯ ಡಾಕ್ಟರನ್ನು ಕರೆಯಿರಿ.

ಬೈಪೋಲಾರ್ ಅನ್ನುವ, ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಗೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ವಾಂತಿ ಭೇದಿ ಆದರೆ, ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ. ಕೈ ಜೋರಾಗಿ ನಡುಗುತ್ತದೆ, ನಡಿಗೆ ವಾಲುತ್ತದೆ, ಮಾತು ತೊದಲುತ್ತದೆ. ಕುಡಿದು ಬಂದಿದ್ದಾರೆ ಅಂತ ಹೊರಗೆ ಕೂರಿಸುವುದು ಇಂಥವರನ್ನೇ. ಏಪ್ರಿಲ್, ಮೇ ಸೆಕೆಯಲ್ಲಿ ಬೆವರಿ ನೀರಿನಂಶ ಕಡಿಮೆಯಾದಾಗಲೂ ಹೀಗಾಗಬಹುದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ತಗೊಳ್ಳುವವರು ಗಂಟಲು ನೋವು, ಜ್ವರ ಅಂದರೆ ಅದೇ ದಿನ ಬಿಳಿ ರಕ್ತಕಣ ಎಣಿಸಿ. ಅವರ ಮಲಬದ್ಧತೆಯನ್ನೂ ಹಗುರವಾಗಿ ತಗೊಳ್ಳಬೇಡಿ.

ಇನ್ನೊಂದು. ಹುಡುಗಿಯೊಬ್ಬಳ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿದೆ, ಕಣ್ಣು ಗುಡ್ಡೆ ಮೇಲಕ್ಕೆ ಹೋಗಿದೆ, ನಾಲಿಗೆ ಹೊರಗೆ ಚಾಚುತ್ತಿದೆ. ಮನೆಯವರು ಮೈಮೇಲೆ ಏನೋ ಬಂದಿದೆ ಅನ್ನುತ್ತಾರೆ, ನಮ್ಮವರು ನಾಟಕ ಅನ್ನುತ್ತಾರೆ. ಹ್ಯಾಲೊಪೆರಿಡಾಲ್‌ನಂಥ ಸೈಕಿಯಾಟ್ರಿ ಮದ್ದಿನಿಂದ ಸ್ನಾಯು ಬಿಗಿದು ಹೀಗಾಗುವುದು ಸಾಮಾನ್ಯ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಆಗುತ್ತದೆ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ನಾಟಕ ಅಂದುಕೊಂಡು ಆ ಮಗುವನ್ನು ಹಾಗೇ ಮಲಗಿಸಿದರೆ ಅವಳು ಮತ್ತೆ ಯಾವ ಮದ್ದನ್ನು ನಂಬಿಯಾಳು, ಹೇಳಿ.

ಹೊಸ ಸಿಬ್ಬಂದಿಗೆ ಇಷ್ಟನ್ನು ಕಲಿಸಿದರೆ ಭಯ ತಾನಾಗಿ ಕಡಿಮೆಯಾಗುತ್ತದೆ. ಎಂಬಿಬಿಎಸ್ ಇಂಟರ್ನ್‌ಶಿಪ್‌ನಲ್ಲಿ ಸೈಕಿಯಾಟ್ರಿಗೆ ಸಿಗುವುದು ಎರಡೇ ವಾರ. ಏನು ಮಾಡಬೇಕು ಅಂತ ಗೊತ್ತಿಲ್ಲದ ಕಡೆ ಮನುಷ್ಯ ದೂರ ಸರಿಯುತ್ತಾನೆ, ಕೈಗೆ ಕೆಲಸ ಗೊತ್ತಿದ್ದರೆ ಹತ್ತಿರ ಬರುತ್ತಾನೆ.

3. ಹ್ಯಾಂಡೋವರ್ (ಡ್ಯೂಟಿ ಬದಲಾಗುವಾಗ ಹೇಳುವ ಮಾತು) ತಿದ್ದಿ

ಬೆಳಗಿನ ಡ್ಯೂಟಿಯವರು ಮಧ್ಯಾಹ್ನದವರಿಗೆ ‘ಹನ್ನೊಂದನೇ ಬೆಡ್ ಸೈಕ್ ಪೇಷಂಟ್, ಸ್ವಲ್ಪ ಕಿರಿಕ್’ ಅಂದರು ಅಂತಿಟ್ಟುಕೊಳ್ಳಿ. ಆ ಐದಾರು ಪದ ಸಾಕು, ಮುಂದಿನ ಎಂಟು ಗಂಟೆ ಆ ಬೆಡ್ ಕಡೆ ಯಾರೂ ಹೋಗುವುದಿಲ್ಲ. ಅದೇ ಮಾತನ್ನು ಹೀಗೆ ಹೇಳಬಹುದು: ‘ಹನ್ನೊಂದನೇ ಬೆಡ್‌ನವರಿಗೆ ಸಕ್ಕರೆ ಜಾಸ್ತಿ ಅಂತ ಅಡ್ಮಿಷನ್, ಆರು ವರ್ಷದಿಂದ ಬೈಪೋಲಾರ್‌ಗೆ ಮದ್ದು ತಗೊಳ್ತಿದ್ದಾರೆ, ರಾತ್ರಿ ನಿದ್ದೆ ಆಗಿಲ್ಲ, ಜೋರು ಸದ್ದಿಗೆ ಕಿರಿಕಿರಿ ಆಗುತ್ತೆ, ಹೆಸರು ಕರೆದು ಮಾತಾಡಿಸಿದರೆ ಸಮಾಧಾನ ಆಗ್ತಾರೆ.’ ಎರಡನೆಯದರಲ್ಲಿ ಮುಂದಿನವರಿಗೆ ಮಾಡಲು ಕೆಲಸ ಇದೆ.

ಇನ್‌ಚಾರ್ಜ್ ಸಿಸ್ಟರ್ ಮನಸ್ಸು ಮಾಡಿದರೆ ಇದು ಹದಿನೈದು ದಿನದಲ್ಲಿ ಬದಲಾಗುತ್ತದೆ, ಪೋಸ್ಟರ್ ಹಚ್ಚಿ ಬದಲಾಗುವುದಿಲ್ಲ. ‘ಮರ್ಲ್’ (ತುಳುವಿನಲ್ಲಿ ಹುಚ್ಚು), ‘ಮೆಂಟಲ್’, ‘ಅರೆ ಹುಚ್ಚು’ ಇವು ನರ್ಸಿಂಗ್ ಸ್ಟೇಷನ್ನಿನ ತಮಾಷೆಯಲ್ಲೂ ಬೇಡ. ಅಲ್ಲೇ ಮೂಲೆಯಲ್ಲಿ ಔಷಧಿ ಚೀಟಿಗೆ ಕಾಯುತ್ತಾ ನಿಂತ ತಾಯಿಗೆ ಅದು ಕೇಳಿಸುತ್ತದೆ.

4. ‘ನಿಮ್ದು ಎಲ್ಲಿ ಆಯ್ತು?’: ಗುಟ್ಟು ಕಾಪಾಡುವುದು

ನಮ್ಮ ಊರುಗಳಲ್ಲಿ ಇದು ದೊಡ್ಡ ಸಮಸ್ಯೆ. ಇಲ್ಲಿ ‘ನಿಮ್ದು ಎಲ್ಲಿ ಆಯ್ತು’ ಅಂತ ಊರು ಕೇಳಿದರೆ ಯಾರ ಮನೆ, ಯಾರ ಮಗ ಅಂತ ಎರಡು ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ. ಲ್ಯಾಬ್‌ನಲ್ಲಿ ಇರುವವರು ರೋಗಿಯ ಚಿಕ್ಕಮ್ಮನ ನೆರೆಮನೆಯವರಾಗಿರುತ್ತಾರೆ. ಮದುವೆ ಮಾತುಕತೆ ಶುರುವಾದಾಗ ‘ಆ ಹುಡುಗ ನಿಮ್ಮ ಆಸ್ಪತ್ರೆಯಲ್ಲಿ ತೋರಿಸ್ತಾನಂತೆ, ಹೌದಾ?’ ಅಂತ ನಮಗೇ ಫೋನ್ ಬರುತ್ತದೆ. ಕೇಳುವವರು ಹತ್ತಿರದವರು, ಕಾಳಜಿಯಿಂದಲೇ ಕೇಳುತ್ತಿರುತ್ತಾರೆ.

ಉತ್ತರ ಒಂದೇ, ಎಲ್ಲರಿಗೂ ಒಂದೇ: ‘ಆಸ್ಪತ್ರೆಯ ವಿಷಯ ನಾವು ಹೇಳುವಂತಿಲ್ಲ.’ ‘ಇಲ್ಲ, ಬರ್ತಿಲ್ಲ’ ಅಂತಲೂ ಹೇಳಬೇಡಿ. ಒಬ್ಬರಿಗೆ ಇಲ್ಲ ಅಂದು ಇನ್ನೊಬ್ಬರಿಗೆ ಹೇಳುವಂತಿಲ್ಲ ಅಂದರೆ ಆಗಲೇ ಉತ್ತರ ಸಿಕ್ಕಿದ ಹಾಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಈ ಗೌಪ್ಯತೆ ರೋಗಿಯ ಹಕ್ಕು, ನಮ್ಮ ಔದಾರ್ಯ ಅಲ್ಲ.

ಕೌಂಟರ್‌ನಲ್ಲಿ ಟೋಕನ್ ನಂಬರ್ ಕರೆಯಿರಿ, ವಿಭಾಗದ ಹೆಸರು ಕೂಗಬೇಡಿ. ರೋಗಿಯ ಫೋಟೋ, ಕೇಸ್ ಶೀಟ್ ವಾರ್ಡಿನ ವಾಟ್ಸಾಪ್ ಗುಂಪಿಗೆ ಬೇಡ. ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮಾತ್ರ ಬರುವ ರೋಗಿಗೆ ಜೊತೆಗೆ ಬಂದ ನೆಂಟರನ್ನೇ ದುಭಾಷಿ ಮಾಡಬೇಡಿ, ಆ ಭಾಷೆ ಗೊತ್ತಿರುವ ಸಿಬ್ಬಂದಿಯನ್ನು ಕರೆಯಿರಿ. ನಮ್ಮಲ್ಲಿ ಸಿಗದೆ ಇರುವುದಿಲ್ಲ. ಗಂಡನ ಎದುರು, ಅತ್ತೆಯ ಬಾಯಲ್ಲಿ ಹೆಣ್ಣುಮಗಳ ಸಂಕಟ ಹೊರಗೆ ಬರುತ್ತದಾ?

5. ಗುಣಮುಖರಾದವರನ್ನು ಕರೆಸಿ, ಅವರ ಮಾತು ಕೇಳಿ

ನಾವು ಆಸ್ಪತ್ರೆಯಲ್ಲಿ ನೋಡುವುದು ಕಾಯಿಲೆ ಜೋರಾದವರನ್ನು, ಮತ್ತೆ ಮತ್ತೆ ಬರುವವರನ್ನು. ಚೆನ್ನಾಗಿರುವವರು ಅಂಗಡಿ ನಡೆಸುತ್ತಾ, ಬೀಡಿ ಕಟ್ಟುತ್ತಾ, ಮಕ್ಕಳನ್ನು ಶಾಲೆಗೆ ಬಿಡುತ್ತಾ ಅವರ ಪಾಡಿಗೆ ಇರುತ್ತಾರೆ, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ‘ಇವರು ಸರಿ ಹೋಗುವುದಿಲ್ಲ’ ಅನ್ನುವ ಭಾವನೆ ಸಿಬ್ಬಂದಿಯಲ್ಲಿ ಗಟ್ಟಿಯಾಗುವುದು ಹೀಗೆ.

2022ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಇದುವರೆಗಿನ ಅಧ್ಯಯನಗಳನ್ನೆಲ್ಲ ನೋಡಿ ಹೇಳಿದ್ದೂ ಇದನ್ನೇ: ಕಳಂಕ ಕಡಿಮೆ ಮಾಡಲು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಆ ಕಾಯಿಲೆ ಅನುಭವಿಸಿದವರ ಜೊತೆಗಿನ ನೇರ ಒಡನಾಟ. ನೇಪಾಳದಲ್ಲಿ ಪ್ರಾಥಮಿಕ ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲೇ ಇಂಥವರನ್ನು ಜೊತೆಗೆ ಸೇರಿಸಿಕೊಂಡು ನೋಡಿದ್ದಾರೆ, ಅವರು ತಮ್ಮ ಬದುಕಿನ ಫೋಟೋಗಳನ್ನು ತೋರಿಸಿ ಕಥೆ ಹೇಳುತ್ತಾರೆ. ‘ಇದು ಮೆದುಳಿನ ಕಾಯಿಲೆ, ರಾಸಾಯನಿಕದ ಏರುಪೇರು’ ಅಂತ ಬರೀ ಸ್ಲೈಡ್ ತೋರಿಸುವುದರಿಂದ ‘ಪಾಪ, ಅವರ ತಪ್ಪಲ್ಲ’ ಅನ್ನಿಸಬಹುದು, ಆದರೆ ‘ಇದು ಎಂದೂ ಗುಣವಾಗದು’ ಅನ್ನುವ ನಿರಾಶೆಯೂ ಬೆಳೆಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ.

ಕರೆಸುವುದು ಹೇಗೆ? ನಿಮ್ಮ ಸೈಕಿಯಾಟ್ರಿ ವಿಭಾಗದ ಮೂಲಕ, ಇಲ್ಲವೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಮೂಲಕ ಕೇಳಿ. ಈಗ ಚೆನ್ನಾಗಿರುವವರು, ತಾವಾಗಿ ಒಪ್ಪಿದವರು ಮಾತ್ರ ಬರಲಿ. ಚಿಕಿತ್ಸೆ ಕೊಡುವ ಡಾಕ್ಟರೇ ಕೇಳಿದರೆ ಬೇಡ ಅನ್ನಲು ಅವರಿಗೆ ಕಷ್ಟ, ಹಾಗಾಗಿ ಬೇರೆ ಯಾರಾದರೂ ಕೇಳಲಿ. ಏನು ಹೇಳಬೇಕು, ಏನು ಹೇಳಬಾರದು ಅಂತ ಮೊದಲೇ ಅವರ ಜೊತೆ ಕೂತು ತಯಾರಿ ಮಾಡಿ. ಬಸ್ ಖರ್ಚು, ಗೌರವಧನ ಕೊಡಿ, ಉಳಿದ ಅತಿಥಿಗಳಿಗೆ ಕೊಡುವುದಿಲ್ಲವಾ? ಫೋಟೋ, ವಿಡಿಯೋ ಬೇಡವೇ ಬೇಡ. ಊರಿನವರೇ ಕೇಳುವವರಲ್ಲಿ ಇದ್ದರೆ ಅವರಿಗೆ ಕಷ್ಟ, ಉಡುಪಿಯವರು ಮಂಗಳೂರಿಗೆ ಬಂದು ಮಾತಾಡಲಿ, ಮಂಗಳೂರಿನವರು ಉಡುಪಿಗೆ ಹೋಗಲಿ.

ವೇದಿಕೆ, ಹಾರ, ಸ್ವಾಗತ ಭಾಷಣ ಬೇಡ. ಹದಿನೈದು ಇಪ್ಪತ್ತು ಜನ ವೃತ್ತಾಕಾರದಲ್ಲಿ ಕೂತುಕೊಳ್ಳಿ. ಕಾಯಿಲೆಯ ವಿವರಕ್ಕಿಂತ ಅವರು ಮೇಲೆ ಬಂದದ್ದು ಹೇಗೆ, ಆಸ್ಪತ್ರೆಯಲ್ಲಿ ಯಾರು ಏನು ಮಾಡಿದಾಗ ಸಹಾಯ ಆಯಿತು, ಯಾವ ಮಾತು ಇವತ್ತಿಗೂ ಚುಚ್ಚುತ್ತದೆ ಅನ್ನುವುದಕ್ಕೆ ಹೆಚ್ಚು ಹೊತ್ತು ಕೊಡಿ. ಕೊನೆಗೆ ಚಾ ಕುಡಿಯುತ್ತಾ ಸುಮ್ಮನೆ ಮಾತಾಡಲು ಅರ್ಧ ಗಂಟೆ ಇಡಿ, ಅದನ್ನು ಸಮಯ ಇಲ್ಲ ಅಂತ ಕತ್ತರಿಸಬೇಡಿ. ಒಮ್ಮೆ ಮಾಡಿ ಬಿಟ್ಟರೆ ಸಾಲದು, ಬೇರೆ ಬೇರೆಯವರನ್ನು ಕರೆಸಿ ಆಗಾಗ ಮಾಡುತ್ತಿರಬೇಕು.

6. ಸಾಯಲು ಹೋಗಿ ಬದುಕಿ ಬಂದವರಿಗೆ

ಕ್ಯಾಶುವಾಲ್ಟಿಯಲ್ಲಿ ಅತಿ ಕೆಟ್ಟ ಮಾತುಗಳನ್ನು ಕೇಳುವವರು ಇವರು. ‘ಬದುಕಬೇಕು ಅಂತ ಒದ್ದಾಡುವವರೇ ಇಲ್ಲಿ ಇಷ್ಟಿದ್ದಾರೆ, ನಿನಗೇನು ಬಂತು?’ ಅನ್ನುತ್ತಾರೆ. ಹೊಟ್ಟೆ ತೊಳೆಯುವಾಗ ಒರಟಾಗಿ ಮಾಡಿದರೆ ಪಾಠ ಕಲಿಯುತ್ತಾರೆ ಅನ್ನುವವರೂ ಇದ್ದಾರೆ. ಪಾಠ ಕಲಿಯುವುದಿಲ್ಲ, ಮುಂದಿನ ಸಲ ಆಸ್ಪತ್ರೆಗೆ ಬರುವುದಿಲ್ಲ ಅಷ್ಟೇ.

2017ರ ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಇವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಹಾಗಾಗಿ ಪೊಲೀಸ್ ಕೇಸ್ ಅಂತ ಹೆದರಿಸಬೇಡಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯಬೇಕಾದರೆ ಬರೆಯಿರಿ, ಆದರೆ ಅದು ಅವರನ್ನು ಜೈಲಿಗೆ ಹಾಕಲು ಅಲ್ಲ ಅಂತ ಮನೆಯವರಿಗೆ ಬಿಡಿಸಿ ಹೇಳಿ. ತುರ್ತು ಇದ್ದಾಗ ಯಾವುದೇ ನೋಂದಾಯಿತ ಡಾಕ್ಟರ್ 72 ಗಂಟೆಯವರೆಗೆ ಮಾನಸಿಕ ಕಾಯಿಲೆಗೆ ತುರ್ತು ಚಿಕಿತ್ಸೆ ಕೊಡಬಹುದು ಅಂತ 94ನೇ ಸೆಕ್ಷನ್ ಹೇಳುತ್ತದೆ. ‘ಸೈಕಿಯಾಟ್ರಿಸ್ಟ್ ಇಲ್ಲ, ಬೇರೆ ಕಡೆ ಹೋಗಿ’ ಅನ್ನುವುದಕ್ಕೆ ಕಾರಣವೇ ಇಲ್ಲ.

ಸ್ಥಿತಿ ಸುಧಾರಿಸಿದ ಮೇಲೆ ಪರದೆ ಎಳೆದು, ಪಕ್ಕದಲ್ಲಿ ಕೂತು ಕೇಳಿ: ‘ತುಂಬ ಕಷ್ಟದಲ್ಲಿದ್ದೀರಿ ಅಂತ ಕಾಣುತ್ತದೆ. ಈಗಲೂ ಸಾಯಬೇಕು ಅನ್ನಿಸುತ್ತಿದೆಯಾ?’ ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ಡಿಸ್ಚಾರ್ಜ್ ಆದ ಮೇಲೆ ಒಬ್ಬ ಸಿಸ್ಟರ್ ಆಗಾಗ ಫೋನ್ ಮಾಡಿ ‘ಹೇಗಿದ್ದೀರಿ’ ಅಂತ ಕೇಳುವ ವ್ಯವಸ್ಥೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಕಡೆ ಇದನ್ನೇ ಮಾಡಿ ನೋಡಿತ್ತು, 2008ರಲ್ಲಿ ಫಲಿತಾಂಶ ಬಂತು, ಹೀಗೆ ಸಂಪರ್ಕದಲ್ಲಿ ಇಟ್ಟುಕೊಂಡವರಲ್ಲಿ ಆತ್ಮಹತ್ಯೆ ಕಡಿಮೆಯಾಗಿತ್ತು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ ನಂಬರ್ 14416 ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡಿ, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

7. ದೈವ, ದೇವರು, ಪ್ರಶ್ನೆ

ಇಲ್ಲಿ ಜಗಳ ಬೇಡ. ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಟ್ಟು ನೋಡಿರುತ್ತಾರೆ, ನಾಗನಿಗೆ ತಂಬಿಲ (ಪೂಜೆ) ಕೊಟ್ಟಿರುತ್ತಾರೆ, ದರ್ಗಾಕ್ಕೋ ಇಗರ್ಜಿಗೋ ಹರಕೆ ಹೇಳಿರುತ್ತಾರೆ. ‘ಓದಿದವರಾಗಿ ಹೀಗೆಲ್ಲ ಮಾಡ್ತೀರಾ’ ಅಂತ ಗದರಿಸಿದರೆ ಮುಂದಿನ ಸಲ ಅವರು ಮುಚ್ಚಿಡುತ್ತಾರೆ, ಮಾತ್ರೆ ನಿಲ್ಲಿಸಿದ್ದನ್ನೂ ಮುಚ್ಚಿಡುತ್ತಾರೆ. ನಂಬಿಕೆ ನಿಮ್ಮದು, ಅದರ ಜೊತೆಗೆ ಮಾತ್ರೆಯೂ ನಡೆಯಲಿ ಅನ್ನಿ. ಉಪವಾಸ ಇದ್ದರೆ ಮೊದಲೇ ತಿಳಿಸಿ ಅನ್ನಿ, ಲಿಥಿಯಂ ತಗೊಳ್ಳುವವರಿಗೆ ನೀರೂ ಕುಡಿಯದ ಉಪವಾಸ ಅಪಾಯ. ಹೊಡೆಯುವುದು, ಕಟ್ಟಿ ಹಾಕುವುದು, ಹೊಗೆ ಹಾಕುವುದು ನಡೆದಿದ್ದರೆ ಮಾತ್ರ ಸುಮ್ಮನಿರಬೇಡಿ.

8. ರೋಗಿ ನಮ್ಮ ಸಿಬ್ಬಂದಿಯೇ ಆದಾಗ

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇಕಡಾ 27.8 ಮಂದಿ, ಪಿಜಿಗಳಲ್ಲಿ (ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ) ಶೇಕಡಾ 15.3 ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಅಂತ ಹೇಳಿಕೊಂಡಿದ್ದಾರೆ. ಇವರು ನಮ್ಮ ಪಕ್ಕದಲ್ಲೇ ರೌಂಡ್ಸ್ ಮಾಡುತ್ತಿರುವವರು. ರೋಗಿಯ ಬಗ್ಗೆ ನಾವು ಆಡುವ ಒಂದೊಂದು ತಮಾಷೆಯನ್ನೂ ಕೇಳಿಸಿಕೊಂಡು, ‘ನನಗೂ ಇದೆ ಅಂತ ಗೊತ್ತಾದರೆ ನನ್ನನ್ನೂ ಹೀಗೇ ಅಂತಾರೆ’ ಅಂದುಕೊಳ್ಳುವವರು.

ಸಿಬ್ಬಂದಿಗೆ ತಮ್ಮದೇ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವ ಒತ್ತಾಯ ಇರಬಾರದು. ಮಣಿಪಾಲದವರು ಮಂಗಳೂರಿಗೆ ಹೋಗಿ ಬರಲಿ, ಮಂಗಳೂರಿನವರು ಉಡುಪಿಗೆ. ಅದಕ್ಕೆ ರಜೆ ಕೊಡಿ, ರಜೆ ಅರ್ಜಿಯಲ್ಲಿ ‘ಅನಾರೋಗ್ಯ’ ಅಂದರೆ ಸಾಕು, ಯಾವ ಕಾಯಿಲೆ ಅಂತ ಕೆದಕಬೇಡಿ. ಹಿರಿಯ ಡಾಕ್ಟರೋ ನರ್ಸಿಂಗ್ ಸೂಪರಿಂಟೆಂಡೆಂಟೋ ‘ನಾನೂ ಒಮ್ಮೆ ಚಿಕಿತ್ಸೆ ತಗೊಂಡಿದ್ದೆ’ ಅಂತ ತಾವಾಗಿ ಹೇಳಿಕೊಂಡರೆ ಹತ್ತು ಕಾರ್ಯಾಗಾರಕ್ಕಿಂತ ದೊಡ್ಡ ಕೆಲಸ ಅದು. ಆದರೆ ಯಾರ ಬಾಯಿಂದಲೂ ಬಲವಂತವಾಗಿ ಹೇಳಿಸಬೇಡಿ.

9. ಮೂರು ತಿಂಗಳ ನಂತರ ಫೈಲ್ ತೆಗೆದು ನೋಡಿ

‘ನಿಮ್ಮ ಮನೋಭಾವ ಬದಲಾಗಿದೆಯಾ’ ಅಂತ ಫಾರ್ಮ್ ಕೊಟ್ಟರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಬರೆಯುತ್ತಾರೆ. ಅದರ ಬದಲು ಮಾನಸಿಕ ಕಾಯಿಲೆ ಇರುವ ಹತ್ತು ರೋಗಿಗಳ ಕೇಸ್ ಶೀಟ್, ಇಲ್ಲದ ಹತ್ತು ಜನರದ್ದು, ಎರಡನ್ನೂ ಪಕ್ಕಪಕ್ಕ ಇಡಿ. ಬಿಪಿ, ಸಕ್ಕರೆ, ತೂಕ ಬರೆದಿದ್ದಾರಾ? ಎದೆನೋವು ಅಂದವರಿಗೆ ಎಷ್ಟು ನಿಮಿಷದಲ್ಲಿ ಇಸಿಜಿ ಆಯಿತು? ನೋವಿನ ಮಾತ್ರೆ ಕೇಳಿದ ಎಷ್ಟು ಹೊತ್ತಿಗೆ ಕೊಟ್ಟರು? ಒಪ್ಪಿಗೆ ಸಹಿ ರೋಗಿಯದ್ದಾ, ಅಣ್ಣನದ್ದಾ? ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮಾನವಾಗಿ ನೋಡಬೇಕು ಅಂತ 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದಲ್ಲ, ಅದು ನಮ್ಮ ವಾರ್ಡಿನಲ್ಲಿ ಇದೆಯೋ ಇಲ್ಲವೋ ಅಂತ ಈ ಇಪ್ಪತ್ತು ಫೈಲ್ ಹೇಳುತ್ತವೆ.

ವ್ಯತ್ಯಾಸ ಕಂಡರೆ ಯಾವ ಹೊತ್ತಿನ ಡ್ಯೂಟಿಯಲ್ಲಿ, ಯಾವ ಹಂತದಲ್ಲಿ ಅಂತ ಹುಡುಕಿ. ರಾತ್ರಿ ಡ್ಯೂಟಿಯಲ್ಲಿ ಇಬ್ಬರೇ ಸಿಸ್ಟರ್‌ಗಳು ನಲುವತ್ತು ಬೆಡ್ ನೋಡುತ್ತಿದ್ದರೆ ತಪ್ಪು ಅವರದ್ದು ಮಾತ್ರ ಅಲ್ಲ, ಅದನ್ನು ಆಡಳಿತದವರಿಗೆ ಬರೆದು ಕೊಡಿ. ಮತ್ತೆ ಮೂರು ತಿಂಗಳು ಬಿಟ್ಟು ಇನ್ನು ಇಪ್ಪತ್ತು ಫೈಲ್ ತೆಗೆಯಿರಿ.